ಕುಸುಬಿ ಎಣ್ಣೆ ಕುಡಿದ ಬಂದೂಕು

ಕಲಬುರ್ಗಿಯ ಸೇಡಂ ರಸ್ತೆಯ ಕಲ್ಯಾಣ ಮಂಟಪವೊಂದರಲ್ಲಿ ಒಮ್ಮೆ ಊಟದ ಪಂಕ್ತಿಗೆ ಕಾಯುತ್ತ ಕುಳಿತಿದ್ದೆ. ಪಕ್ಕದಲ್ಲಿ ಇಸ್ತ್ರಿ ಮುರಿಯದ ಜುಬ್ಬಾ ತೊಟ್ಟ ಇಬ್ಬರು ಗಂಡಸರು ಬೇಟೆಯ ಬಂದೂಕುಗಳ ಬಗ್ಗೆ ವಾದಕ್ಕೆ ಬಿದ್ದಿದ್ದರು. ಇಂಗ್ಲಿಷರ ಕಾರ್ಖಾನೆಯ ರೈಫಲ್ಲಿಗೆ ಸಾಟಿಯೇ ಇಲ್ಲ ಎಂದು ಒಬ್ಬರು, ಜರ್ಮನಿಯ ಮಾಲಿನ ಮುಂದೆ ಅದು ಮಕ್ಕಳ ಆಟಿಕೆ ಎಂದು ಇನ್ನೊಬ್ಬರು. ಇಬ್ಬರೂ ಹುಟ್ಟಿದಾಗಿನಿಂದ ಒಂದು ಹಂದಿಯನ್ನೂ ಎದುರಿಗೆ ಕಂಡವರಲ್ಲ ಎಂಬುದು ಅವರ ಮೆತ್ತನೆಯ ಕೈ ನೋಡಿದರೇ ತಿಳಿಯುತ್ತಿತ್ತು. ನಾನು ಕೇಳುವಷ್ಟು ಕೇಳಿ ಬೇಸತ್ತು, "ನಿಮ್ಮ ಮನ್ಯಾಗ ಅಡಗಿಗೆ ಯಾವ ಎಣ್ಣಿ ಹಾಕ್ತೀರಿ?" ಎಂದೆ. ಮುದುಕಿಗೆ ಅರಳುಮರಳು ಎಂಬಂತೆ ಇಬ್ಬರೂ ಮುಖ ಮುಖ ನೋಡಿಕೊಂಡರು.

ನೋಡಿಕೊಳ್ಳಲಿ. ನನ್ನ ಪ್ರಶ್ನೆ ಸರಿಯಾಗಿಯೇ ಇತ್ತು. ಯಾವ ದೇಶದ ಬಂದೂಕು ಒಳ್ಳೆಯದು ಎಂದು ಕೇಳುವವರು ಮೊದಲು ಅದು ಯಾರ ಮನೆಗೆ ಹೋಗುತ್ತದೆ ಎಂದು ಕೇಳಬೇಕು. ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ.

ನಾನು ಕಲಬುರ್ಗಿ ಹತ್ತಿರದ ಕಮಲಾಪುರಕ್ಕೆ ಸೊಸೆಯಾಗಿ ಬಂದಾಗ ಇನ್ನೂ ನಿಜಾಮರ ಆಳ್ವಿಕೆ. ಮಾವ ಊರಿನ ಪೊಲೀಸ್ ಪಾಟೀಲರು, ಹಾಗಾಗಿ ಮನೆಯಲ್ಲಿ ಪರವಾನಗಿ ಇದ್ದ ಎರಡು ರೈಫಲ್ಲುಗಳಿದ್ದವು. ಒಂದು ಪಡಸಾಲೆಯ ಗೋಡೆಯ ಮೇಲೆ, ಇನ್ನೊಂದು ದನದ ಕೊಟ್ಟಿಗೆಯ ಬಾಗಿಲ ಹಿಂದೆ. ಗೋಡೆಯ ಮೇಲಿನದು ಇಂಗ್ಲಿಷರ ವಿಲಾಯತಿ, ಮಾವನ ತಂದೆ ಹೈದರಾಬಾದಿನ ದೊಡ್ಡ ಅಂಗಡಿಯಿಂದ ತಂದದ್ದು. ಹೆಗಲಿಗೆ ಆನಿಸುವ ಹಿಂಭಾಗಕ್ಕೆ ನಮ್ಮ ಕಡೆ ಕುಂದಾ ಎನ್ನುತ್ತಾರೆ. ವಿಲಾಯತಿಯ ಕುಂದಾ ಅಕ್ರೋಟು ಮರದ್ದು, ಅದರಲ್ಲಿ ಮುಖ ಕಾಣುತ್ತಿತ್ತು. ಉಕ್ಕಿನ ಮೇಲೆ ಬಳ್ಳಿ, ಎಲೆ, ಓಡುತ್ತಿರುವ ಜಿಂಕೆಯ ಕೆತ್ತನೆ. ಮರವೂ ಉಕ್ಕೂ ಕೂಡುವಲ್ಲಿ ಉಗುರು ಹೋಗುವಷ್ಟೂ ಸಂದಿಲ್ಲ.

ಕೊಟ್ಟಿಗೆಯದು ಜರ್ಮನಿಯದು. ರೈಲ್ವೆಯ ಗುತ್ತೇದಾರನೊಬ್ಬ ಕಲಬುರ್ಗಿ ಬಿಟ್ಟು ಹೋಗುವಾಗ ಒಂದು ಎಮ್ಮೆಯ ಬದಲು ಕೊಟ್ಟು ಹೋದದ್ದಂತೆ. ಅದಕ್ಕೆ ಕೆತ್ತನೆ ಇಲ್ಲ, ಹೊಳಪಿಲ್ಲ, ಬಿಳಿಚಿದ ಮರ, ಉಕ್ಕಿನ ಮೇಲೆ ಕಾರ್ಖಾನೆಯ ನಂಬರು ಮಾತ್ರ. ಗುಂಡು ತುಂಬಿದ ತೋಟೆಯನ್ನು ನಳಿಗೆಯೊಳಗೆ ದೂಡುವ ಬೋಲ್ಟು ಕೊಂಚ ಸಡಿಲ, ಹಿಡಿದು ನಡೆದರೆ ಲಟಲಟ ಸದ್ದು ಮಾಡುತ್ತಿತ್ತು. ಎಮ್ಮೆಗೆ ಬಂದದ್ದೆಂದು ಮನೆಯವರೆಲ್ಲ ಅದನ್ನು ಎಮ್ಮೆ ಬಂದೂಕು ಎಂದೇ ಕರೆಯುತ್ತಿದ್ದರು.

ವಿಲಾಯತಿ ನನ್ನ ಭಾವನ ಪಾಲಿಗೆ ಬಂದೂಕಲ್ಲ, ಮನೆದೇವರು. ಭಾವ ಎಂದರೆ ನನ್ನ ಗಂಡನ ಅಣ್ಣ. ಕೆಟ್ಟ ಮನುಷ್ಯನಲ್ಲ, ಹಸಿದವರಿಗೆ ತನ್ನ ತಟ್ಟೆಯ ರೊಟ್ಟಿ ಎತ್ತಿ ಕೊಡುವವನು. ಆದರೆ ಗೋಡೆಯ ಮೇಲೆ ವಿಲಾಯತಿ ಇರುವ ತನಕ ಪಾಟೀಲಕಿಗೆ ಮರ್ಯಾದೆ ಎಂದು ನಂಬಿದ್ದ. ಮಹಾನವಮಿಯಲ್ಲಿ ಆಯುಧಗಳಿಗೆ ಮಾಡುವ ಖಂಡೇಪೂಜೆಯಂದು ಅದನ್ನು ಮಣೆಯ ಮೇಲೆ ಮಲಗಿಸಿ, ವಿಭೂತಿ ಬಳಿದು, ಚೆಂಡುಹೂವು ಏರಿಸಿ, ಆಮೇಲೆ ಎಣ್ಣೆ ಎರೆಯುತ್ತಿದ್ದ. ಅದೂ ಅಂಥಿಂಥ ಎಣ್ಣೆಯಲ್ಲ. ನಮ್ಮ ಹೊಲದ ಕುಸುಬಿಯನ್ನು ಗಾಣಕ್ಕೆ ಹಾಕಿಸಿ ತಂದ ಹೊಸ ಎಣ್ಣೆ, ಮನೆಯವರ ಬಾಯಿಗೆ ಬೀಳುವ ಮೊದಲು ಬಂದೂಕಿನ ಬಾಯಿಗೆ. ಬೋಲ್ಟಿನ ಸಂದಿಯಿಂದ ತೊಟ್ಟಿಕ್ಕುವ ತನಕ ಹುಯ್ಯುತ್ತಿದ್ದ. ನವಮಿಗಷ್ಟೇ ಅಲ್ಲ, ಪ್ರತಿ ಅಮಾವಾಸ್ಯೆಗೂ ಈ ಸೇವೆ ತಪ್ಪುತ್ತಿರಲಿಲ್ಲ.

ನನಗೆ ಬಂದೂಕು ಹಿಡಿಯಬೇಕೆಂಬ ಆಸೆಯೇನೂ ಇರಲಿಲ್ಲ. ಹಿಡಿಸಿದ್ದು ಮಾವನ ಕಣ್ಣು. ಊರಾಚೆಯ ಗುಡ್ಡದ ಬುಡದಲ್ಲಿ ನಮ್ಮ ಕೆಂಪು ಬಾಳೆಯ ತೋಟ. ನಸುಕಿನಲ್ಲಿ ಗುಡ್ಡದಿಂದ ಇಳಿಯುವ ಹಂದಿಗಳು ಬಾಳೆಯ ಬುಡ ಅಗೆದು ಗಡ್ಡೆ ತಿಂದು ಗಿಡ ಕೆಡವಿ ಹೋಗುತ್ತಿದ್ದವು. ಮಾವ ಎಷ್ಟೋ ವರ್ಷ ಒಬ್ಬರೇ ಅವನ್ನು ತಡೆದರು. ನಾನು ಬಂದ ಮೇಲೆ ಅವರ ಎರಡೂ ಕಣ್ಣಿಗೆ ಪೊರೆ ಬಂತು. ನನ್ನ ಗಂಡ ಕಲಬುರ್ಗಿಯ ದವಸದ ಪೇಟೆಯಾದ ಗಂಜಿನಲ್ಲಿ ತೊಗರಿ ವ್ಯಾಪಾರದ ಅಂಗಡಿಯಲ್ಲಿದ್ದ, ವಾರಕ್ಕೊಮ್ಮೆ ಬರುತ್ತಿದ್ದ, ಪಟಾಕಿ ಸದ್ದಿಗೂ ಕಿವಿ ಮುಚ್ಚಿಕೊಳ್ಳುತ್ತಿದ್ದ. ಭಾವನಿಗೆ ಮುಂಜಾನೆಯ ಪೂಜೆ ಮುಗಿಯುವ ಹೊತ್ತಿಗೆ ಹಂದಿಗಳು ಗುಡ್ಡ ಸೇರಿರುತ್ತಿದ್ದವು. ತೋಟಕ್ಕೆ ನೀರು ಬಿಡುವವಳು, ಕಳೆ ತೆಗೆಸುವವಳು, ಗೊನೆ ಕಡಿಸುವವಳು ನಾನು. ಒಂದು ದಿನ ಮಾವ ಕೊಟ್ಟಿಗೆಗೆ ಹೋಗಿ ಎಮ್ಮೆ ಬಂದೂಕನ್ನು ತಂದು ನನ್ನ ಕೈಗಿಟ್ಟು, "ಯವ್ವಾ, ತೋಟ ನಿಂದು. ಕಾಯೋದೂ ನಿಂದೇ" ಎಂದರು.

ಆ ಮಾತು ನನಗೆ ಬಹಳ ದೊಡ್ಡದಾಗಿ ಕಂಡಿತು. ತವರಿನಲ್ಲಿಯೂ ಇದು ನಿನ್ನದು ಎಂದು ಯಾರೂ ನನಗೆ ಏನನ್ನೂ ತೋರಿಸಿರಲಿಲ್ಲ.

ಬಾವಿಯ ಕಟ್ಟೆಯ ಮೇಲೆ ಕೂರಿಸಿ ಮಾವ ಕಲಿಸಿದರು. ನಳಿಗೆಯ ತುದಿಯಲ್ಲಿ ಗುರಿಗಾಗಿ ನಿಲ್ಲಿಸಿದ ಸಣ್ಣ ಉಕ್ಕಿನ ಕಾಳಿಗೆ ಮಕ್ಕಿ ಎಂದು ಹೆಸರು. "ಕಣ್ಣ ಮಕ್ಕಿ ಮ್ಯಾಲ ಇರಲಿ, ಹಂದಿ ಮ್ಯಾಲ ಬ್ಯಾಡ. ಹಂದಿ ನೋಡ್ತಾ ಕುಂತ್ರ ಅಂಜಿಕಿ ಬರ್ತದ" ಎನ್ನುತ್ತಿದ್ದರು. ಕುಂದಾ ನನ್ನ ತೋಳಿಗೆ ಉದ್ದವಾಗಿತ್ತು. ಊರಿನ ಬಡಿಗನನ್ನು ಕರೆಸಿ ನನ್ನ ಅಳತೆಗೆ ಕೊಯ್ಯಿಸಿದರು. ಎಮ್ಮೆ ಬಂದೂಕು ತಾನೇ, ಭಾವನೂ ಅಡ್ಡ ಬರಲಿಲ್ಲ.

ಊರು ಬಾಯಿ ಬಿಟ್ಟುಕೊಂಡು ನೋಡಿತು. ಕೊರಳಲ್ಲಿ ಲಿಂಗ ಕಟ್ಟಿಕೊಂಡು ಕೈಯಲ್ಲಿ ಬಂದೂಕು ಹಿಡಿಯುವ ಸೊಸೆ ಯಾವ ಮನೆಯಲ್ಲಿದ್ದಾಳೆ ಎಂದು ನೆರೆಯ ಹೆಂಗಸರು ಮೂಗು ಮುರಿದರು. ನಿಮ್ಮ ಮನೆಯ ಬಾಳೆಹಣ್ಣಿನ ಬುಟ್ಟಿ ಖಾಲಿಯಾದಾಗ ಮಾತ್ರ ನನ್ನ ತೋಟ ನೆನಪಾಗುತ್ತದಲ್ಲ ಎಂದು ನಾನೂ ಬಿಡದೆ ಹೇಳಿದೆ. ಬಿದ್ದ ಹಂದಿಯನ್ನು ನಮ್ಮ ಮನೆಯವರು ಮುಟ್ಟುತ್ತಿರಲಿಲ್ಲ, ತಿನ್ನುವವರು ಬಂದು ಒಯ್ಯುತ್ತಿದ್ದರು. ಅವರು ಮಾತ್ರ ನನ್ನನ್ನು ಒಂದು ದಿನವೂ ಆಡಿಕೊಳ್ಳಲಿಲ್ಲ.

ನಾನು ಹೆಸರು ಮಾಡಿದ್ದು ಕಂಡು ಭಾವನಿಗೂ ಉಮೇದು ಬಂತು. ಒಂದು ನಸುಕಿನಲ್ಲಿ ವಿಲಾಯತಿಯನ್ನು ಮಗುವಿನ ಹಾಗೆ ಎತ್ತಿಕೊಂಡು ತೋಟಕ್ಕೆ ಬಂದ. ಹಂದಿ ಬದುವಿನ ಮೇಲೆ ಅಡ್ಡಲಾಗಿ ನಿಂತಿತ್ತು, ಅದಕ್ಕಿಂತ ಒಳ್ಳೆಯ ಗುರಿ ಸಿಗುವುದಿಲ್ಲ. ಭಾವ ಬೆರಳು ಬಾಗಿಸಿ ಬಂದೂಕಿನ ಕುದುರೆ ಒತ್ತಿದ. ಟಕ್ ಎಂದಿತು, ಅಷ್ಟೇ. ಹಂದಿ ತಲೆಯೆತ್ತಿ ಒಮ್ಮೆ ನೋಡಿ ತನ್ನ ಕೆಲಸ ಮುಂದುವರಿಸಿತು. ತೋಟೆ ಹಳೆಯದೆಂದು ಭಾವ ಗೊಣಗಿಕೊಂಡ. ಬೋಲ್ಟಿನ ಹಿಡಿ ಎತ್ತಿ ಇಳಿಸಿ ಇನ್ನೊಂದು ಸಲ ಕುದುರೆ ಒತ್ತಿ, ಏನೂ ಆಗಲಿಲ್ಲವೆಂದು ಮುಖ ಈಚೆ ತೆಗೆಯುವಷ್ಟರಲ್ಲಿ ಢಂ ಎಂದು ಹಾರಿ ಬಾವಿಯ ರಾಟೆಯ ಕಂಬ ಸೀಳಿತು. ಅಂದಿನಿಂದ ನಾನು ತೀರ್ಪು ಕೊಟ್ಟುಬಿಟ್ಟೆ. ವಿಲಾಯತಿ ಮಾಲು ನೋಡಲು ಚೆಂದ, ಕೆಲಸಕ್ಕೆ ಸುಳ್ಳು. ಇಂಗ್ಲಿಷರು ಜಿಂಕೆ ಕೆತ್ತುವುದರಲ್ಲೇ ಹೊತ್ತು ಕಳೆದು ಒಳಗಿನ ಕೆಲಸ ಮರೆತಿದ್ದಾರೆ. ಜರ್ಮನಿಯವರು ಕೆತ್ತನೆ ಬಿಟ್ಟು ಕೆಲಸ ಮಾಡಿದ್ದಾರೆ. ಊರಿನಲ್ಲಿ ಯಾರು ಕೇಳಿದರೂ, ಕೇಳದಿದ್ದರೂ, ನಾನು ಇದನ್ನೇ ಹೇಳುತ್ತಿದ್ದೆ.

ಆಮೇಲೆ ಗದ್ದಲದ ದಿನಗಳು ಬಂದವು. ಯಾರು ಯಾವ ಊರಿಗೆ ನುಗ್ಗುತ್ತಾರೆ, ಯಾರ ಮನೆಯ ಬಂದೂಕು ಕಿತ್ತುಕೊಳ್ಳುತ್ತಾರೆ ಎಂದು ಹೇಳುವಂತಿರಲಿಲ್ಲ. ಎರಡೂ ರೈಫಲ್ಲುಗಳನ್ನು ಹಗೇವಿನಲ್ಲಿ ಇಳಿಸುವುದೆಂದು ಮಾವ ತೀರ್ಮಾನಿಸಿದರು. ಹಗೇವು ಎಂದರೆ ಅಂಗಳದಲ್ಲಿ ಜೋಳ ತುಂಬಿಡುವ ನೆಲದೊಳಗಿನ ಕಣಜ. ಭಾವ ವಿಲಾಯತಿಗೆ ತುಕ್ಕು ಹಿಡಿಯದಿರಲೆಂದು ಒಂದು ತಂಬಿಗೆ ಕುಸುಬಿ ಎಣ್ಣೆ ಎರೆದು, ತನ್ನ ಪೂಜೆಯ ಮಡಿಬಟ್ಟೆಯಲ್ಲಿ ಸುತ್ತಿದ. ನನ್ನ ಬಂದೂಕಿಗೂ ಕೊಂಚ ಕೊಡಿ ಎಂದು ಬಾಗಿಲ ಮರೆಯಿಂದ ಹೇಳಿಸಿದೆ.

"ಎಮ್ಮಿ ಬಂದೂಕಕ್ಕ ತಿನ್ನೋ ಎಣ್ಣಿ ಯಾಕ? ಬಂಡಿ ಗಾಲಿಗಿ ಹಾಕೋ ಔಡಲೆಣ್ಣಿ ಹಚ್ಚು, ಸಾಕು" ಎಂದ.

ಸಿಟ್ಟು ಬಂತು. ಆದರೂ ಗಾಲಿಗೆ ಹಚ್ಚುವ ಔಡಲೆಣ್ಣೆಯನ್ನೇ, ಅಂದರೆ ಹರಳೆಣ್ಣೆಯನ್ನೇ, ಒಳಗೂ ಹೊರಗೂ ಸವರಿ, ಹಳೆಯ ಗೋಣಿಯಲ್ಲಿ ಸುತ್ತಿ ಇಳಿಸಿದೆ. ಎರಡೂ ಜೋಳದ ಅಡಿಯಲ್ಲಿ ಪಕ್ಕಪಕ್ಕದಲ್ಲಿ ಮಲಗಿದವು.

ಪೊಲೀಸ್ ಆಕ್ಷನ್ ಆಯಿತು. ಹೈದರಾಬಾದು ಶರಣಾಯಿತು ಎಂಬ ಸುದ್ದಿಯ ಹಿಂದೆಯೇ ಡಂಗುರ ಬಂತು. ಪರವಾನಗಿ ಇರಲಿ ಬಿಡಲಿ, ಎಲ್ಲರೂ ಬಂದೂಕುಗಳನ್ನು ಠಾಣೆಗೆ ಒಪ್ಪಿಸಬೇಕು. ಹಗೇವಿನಿಂದ ತೆಗೆದು ಎರಡನ್ನೂ ಒಪ್ಪಿಸಿದೆವು. ಊರೂರಿನ ಬಂದೂಕುಗಳ ಜೊತೆ ಲಾರಿ ಏರಿ ಅವು ಕಲಬುರ್ಗಿಗೆ ಹೋದವು. ಭಾವ ಲಾರಿಯ ಹಿಂದೆ ಅಷ್ಟು ದೂರ ನಡೆದು ಹೋದ. ಊರು ನಕ್ಕಿತು, ನನಗೆ ನಗು ಬರಲಿಲ್ಲ.

ಬಂದೂಕಿಲ್ಲ ಎಂಬುದು ಹಂದಿಗಳಿಗೆ ಯಾರು ಹೇಳಿದರೋ ತಿಳಿಯದು. ಮೊದಲು ನಸುಕಿನಲ್ಲಿ ಬರುತ್ತಿದ್ದಂಥವು ಈಗ ಹಾಡಹಗಲೇ ಬರತೊಡಗಿದವು. ಡಬ್ಬ ಬಡಿದೆವು, ಬೆಂಕಿ ಹಾಕಿದೆವು, ಮುಳ್ಳು ಕಟ್ಟಿದೆವು. ಒಂದೊಂದು ಮುಂಜಾನೆಯೂ ಮಲಗಿದ ಗಿಡಗಳ ನಡುವೆ ನಡೆದು ಬಂದು ಮಾವನ ಮುಂದೆ ನಿಲ್ಲುತ್ತಿದ್ದೆ. ಎಷ್ಟು ಹೋದವು ಎಂದು ಅವರು ಕೇಳುತ್ತಿರಲಿಲ್ಲ. ಹೀಗೇ ನಡೆದರೆ ಮುಂದಿನ ವರ್ಷ ಅಲ್ಲಿ ಜೋಳ ಬಿತ್ತಬೇಕಾದೀತು ಎಂದು ಭಾವ ಒಂದು ದಿನ ಅಂದ. ನನ್ನದು ಎಂದು ನನಗೆ ಸಿಕ್ಕ ಒಂದೇ ಒಂದು ವಸ್ತು ಕಣ್ಣೆದುರೇ ಕರಗುತ್ತಿತ್ತು.

ಕಡೆಗೆ ಹೊಸ ಹುಕುಂ ಬಂತು. ಗುಡ್ಡದ ಅಂಚಿನಲ್ಲಿ ತೋಟವಿರುವವರಿಗೆ ಬೆಳೆ ಕಾಯಲು ಬಂದೂಕು ಮರಳಿ ಕೊಡುತ್ತಾರೆ. ಆದರೆ ಒಂದು ಮನೆಗೆ ಒಂದೇ. ಎರಡಿದ್ದವರು ಕಲಬುರ್ಗಿಗೆ ಬಂದು ಬೇಕಾದ್ದನ್ನು ಆರಿಸಬೇಕು, ಉಳಿದದ್ದು ಸರಕಾರಕ್ಕೆ. ಯಾರು ಬಳಸುತ್ತಾರೋ ಅವರು ಬಂದು ಸಾಹೇಬರೆದುರು ಹಾರಿಸಿ ತೋರಿಸಬೇಕು.

ಮಾವ, ಭಾವ, ನಾನು ಮೂವರೂ ಹೊರಟೆವು. ಆಗ ದರ್ಗಾದ ಓಣಿಯಾದ ರೋಜಾದಲ್ಲಿ ಉರುಸಿನ ಜನ, ಕಾಲಿಡಲು ಜಾಗವಿಲ್ಲ. ಗಂಜಿನ ಹಿಂದೆ ನನ್ನ ಗಂಡ ಹಿಡಿದಿದ್ದ ಕೋಣೆಯಲ್ಲಿ ಇಳಿದುಕೊಂಡೆವು. ತೊಗರಿಯ ಧೂಳು ನೆಲದ ಮೇಲೆಲ್ಲ. ಅಲ್ಲೇ ಜಗಳ ಶುರುವಾಯಿತು.

"ವಿಲಾಯತಿನೇ ತರೋದು. ಅದರಾಗ ಮಾತಿಲ್ಲ" ಎಂದ ಭಾವ.

"ಭಾವಾರ, ಗ್ವಾಡಿಗಿ ಹಂದಿ ಬರಂಗಿಲ್ಲ. ತೋಟಕ್ಕ ಬರ್ತಾವ" ಎಂದೆ.

ಭಾವನ ಎದುರು ನಿಂತು ಮಾತಾಡುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಸೆರಗು ಮುಖಕ್ಕೆ ಎಳೆದುಕೊಂಡು ಬಾಗಿಲ ಮರೆಯಿಂದ ಇನ್ನೊಬ್ಬರ ಮೂಲಕ ಹೇಳಿಸಬೇಕು. ನಾನು ಬಾಗಿಲ ಮುಂದೆ ನಿಂತಿದ್ದೆ. ನನ್ನ ಗಂಡ ಅತ್ತ ಇತ್ತ ನೋಡಿ ಚಹಾ ತರುತ್ತೇನೆಂದು ಹೊರಗೆ ಹೋದ.

"ನಮ್ಮ ಅಜ್ಜ ತಂದಿದ್ದು ಅದು. ಎಮ್ಮಿ ಕೊಟ್ಟು ತಂದಿದ್ದಕ್ಕ ಅದನ್ನ ಬಿಟ್ಟು ಬರ್ಲೇನು? ಮಂದಿ ಏನಂದಾರು?"

"ಮಂದಿ ತೋಟಕ್ಕ ನೀರ ಹಾಯ್ಸಂಗಿಲ್ಲ. ನಿಮ್ಮ ವಿಲಾಯತಿ ಸುಳ್ಳ ಅದ, ಎದುರಿಗಿ ಹಂದಿ ನಿಂತ್ರೂ ಹಾರಂಗಿಲ್ಲ. ಸಾಹೇಬ್ರ ಮುಂದ ಎರಡೂ ಹಾರಿಸರಿ, ಗೊತ್ತಾಗ್ತದ."

"ಆಗ್ಲಿ, ಹಾರಸೂಣು" ಎಂದ ಭಾವ. ಮಾವ ಚಾಪೆಯ ಮೇಲೆ ಕುಳಿತು ಇಬ್ಬರ ಮಾತನ್ನೂ ಕೇಳುತ್ತಿದ್ದರು.

ಊರ ಹೊರಗಿನ ಪೊಲೀಸ್ ಮೈದಾನದಲ್ಲಿ ಒಂದು ಮಣ್ಣಿನ ದಿಬ್ಬ, ಅದರ ಮುಂದೆ ಬಿಳಿ ಬಣ್ಣ ಬಳಿದ ಹಲಗೆ. ಸಾಹೇಬರು ಧಾರವಾಡದ ಕಡೆಯವರು, ಪೊಲೀಸ್ ಆಕ್ಷನ್ ಆದ ಮೇಲೆ ಇಲ್ಲಿಗೆ ಕಳಿಸಿದವರು. ಬೇಟೆಯ ಹುಚ್ಚಿದ್ದ ಮನುಷ್ಯ ಎಂಬುದು ವಿಲಾಯತಿಯನ್ನು ಕೈಗೆ ತೆಗೆದುಕೊಂಡ ರೀತಿಯಲ್ಲೇ ಗೊತ್ತಾಯಿತು. ಕೆತ್ತನೆಯ ಮೇಲೆ ಹೆಬ್ಬೆರಳು ಆಡಿಸಿ, "ಇಂಥಾದ್ದು ಈ ಕಡೆ ನೋಡಿದ್ದಿಲ್ಲ ಬಿಡ್ರಿ" ಎಂದರು. ಭಾವನ ಎದೆ ಉಬ್ಬಿತು. ನನ್ನ ಬಂದೂಕನ್ನು ಎತ್ತಿ ಬೋಲ್ಟು ಅಲ್ಲಾಡಿಸಿ ಲಟಲಟ ಕೇಳಿ ಪಕ್ಕಕ್ಕಿಟ್ಟರು. ಅದು ನನಗೆ ಚುಚ್ಚಿತು.

ಮೊದಲು ಭಾವ. ಎಷ್ಟೋ ದಿನಕ್ಕೆ ದೇವರು ಕೈಗೆ ಬಂದಿದೆ, ಹಾಗೇ ಹಾರಿಸುವುದುಂಟೇ? ಜೋಳಿಗೆಯಿಂದ ಸೀಸೆ ತೆಗೆದು ಬೋಲ್ಟಿಗೆ ಎಣ್ಣೆ ಎರೆದು, ಕಣ್ಣಿಗೊತ್ತಿಕೊಂಡು, ತೋಟೆ ಹಾಕಿದ. ಬೋಲ್ಟು ಮುಂದೆ ಹೋಗಲು ಒಲ್ಲೆನೆಂದಿತು. ಅಂಗೈಯಿಂದ ಗುದ್ದಿ ದೂಡಿದ. ಕುದುರೆ ಒತ್ತಿದ. ಟಕ್. ಹಿಡಿ ಎತ್ತಿ ಇಳಿಸಿ ಇನ್ನೊಮ್ಮೆ, ಟಕ್. ಸುತ್ತ ನಿಂತ ಪೊಲೀಸರಲ್ಲಿ ಯಾರೋ ನಕ್ಕರು. ನಾನೂ ಸೆರಗಿನ ಮರೆಯಲ್ಲಿ ನಕ್ಕೆ, ಸುಳ್ಳು ಯಾಕೆ ಹೇಳಲಿ.

ಸಾಹೇಬರು ನಗಲಿಲ್ಲ. "ತೋಟೆ ತಗೀರಿ. ಏನ್ ಹಾಕಿದ್ರಿ ಅದಕ್ಕ ಈಗ?" ಎಂದು ಕೇಳಿದರು.

"ಎಣ್ಣಿ ರೀ ಸಾಹೇಬ್ರ. ಮನ್ಯಾಗಿನ ಚಲೋ ಎಣ್ಣಿ."

ಸೀಸೆ ತೆಗೆದುಕೊಂಡು ಮೂಸಿದರು. "ಇದು ಕುಸುಬಿ ಎಣ್ಣಿ ಅಲ್ಲೇನ್ರಿ? ಬದನಿಕಾಯಿ ಎಣಗಾಯಿಗೆ ಹಾಕೋದು?"

"ಹೌದ್ರಿ. ಪೂಜಿ ಎಣ್ಣಿ. ನಮ್ಮ ಅಜ್ಜನ ಕಾಲದಿಂದ ಇದೇ ಹಾಕ್ತೇವ್ರಿ."

ಸಾಹೇಬರು ಬೋಲ್ಟನ್ನು ಹೊರಗೆಳೆದು ಬಿಚ್ಚಿಸಿದರು. ಒಳಗೆ ಸ್ಪ್ರಿಂಗಿನ ಸುತ್ತ, ತೋಟೆಯ ಬೆನ್ನಿಗೆ ಬಡಿಯುವ ಮೊಳೆಯ ಸುತ್ತ, ಹೊಂಬಣ್ಣದ ಗಟ್ಟಿ ಪದರ ಕಟ್ಟಿಕೊಂಡಿತ್ತು. ಚಾಕುವಿನಿಂದ ಕೆರೆದರೆ ಚಕ್ಕೆ ಚಕ್ಕೆಯಾಗಿ ಏಳುತ್ತಿತ್ತು. ಅದನ್ನು ನೋಡಿದೊಡನೆ ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಬಾವಿಯಿಂದ ನೀರೆತ್ತುವ ತೊಗಲಿನ ಚೀಲಕ್ಕೆ ನಾವೇ ವರ್ಷಕ್ಕೊಮ್ಮೆ ಕುಸುಬಿ ಎಣ್ಣೆ ಕಾಯಿಸಿ ಹಚ್ಚುತ್ತಿದ್ದೆವು. ಅದು ಒಣಗಿ ಬಿರುಸಾಗಿ ನೀರು ಸೋರದಂತೆ ತಡೆಯುತ್ತಿತ್ತು. ಊರಿನ ಪ್ರತಿ ಮನೆಗೂ ಇದು ಗೊತ್ತು. ಅದೇ ಎಣ್ಣೆಯನ್ನು ಬಂದೂಕಿನ ಹೊಟ್ಟೆಗೆ ಹುಯ್ದರೆ ಏನಾದೀತು ಎಂದು ಭಾವನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಔಡಲೆಣ್ಣೆ ಎಷ್ಟು ದಿನ ಬಿಟ್ಟರೂ ಹೀಗೆ ಒಣಗುವುದಿಲ್ಲ. ನನ್ನ ಬಂದೂಕನ್ನು ಉಳಿಸಿದ್ದು ಜರ್ಮನಿಯ ಕಾರ್ಖಾನೆಯಲ್ಲ, ಭಾವನ ಅಸಡ್ಡೆ.

ಲಾಟೀನಿಗೆ ಹಾಕುವ ಘಾಸಲೇಟ್ ಎಣ್ಣೆ ತರಿಸಿ ಎಲ್ಲ ತೊಳೆಸಿದರು. ಒರೆಸಿ ಕೂಡಿಸಿದ ಮೇಲೆ ಬೋಲ್ಟು ಬೆಣ್ಣೆಯಲ್ಲಿ ಜಾರಿದಂತೆ ಜಾರಿತು. ಸಾಹೇಬರೇ ಮಲಗಿ ಹಾರಿಸಿದರು. ಮೂರು ಗುಂಡಿನ ತೂತುಗಳನ್ನೂ ಒಂದು ಅಂಗೈಯಿಂದ ಮುಚ್ಚಬಹುದಿತ್ತು. ಆಮೇಲೆ ಅವರೇ ನನ್ನ ಬಂದೂಕನ್ನೂ ಹಾರಿಸಿದರು. ಮೂರೂ ಹಲಗೆಗೆ ತಾಗಿದವು, ಆದರೆ ಮುಚ್ಚಲು ಊಟದ ತಟ್ಟೆ ಬೇಕಿತ್ತು.

ಭಾವ ನನ್ನ ಕಡೆ ತಿರುಗಿದ. ಇಷ್ಟು ವರ್ಷ ಊರೆಲ್ಲ ಸಾರಿಕೊಂಡು ಬಂದ ನನ್ನ ತೀರ್ಪು ಹಲಗೆಯ ಮೇಲೆ ತೂತು ಬಿದ್ದು ನಿಂತಿತ್ತು.

"ಬಂದೂಕ ಹಿಡಿಯೋರು ನೀವೇನ್ರಿ ತಾಯಿ? ನೀವೂ ಹಾರಿಸಿ ತೋರಸ್ರಿ" ಎಂದರು ಸಾಹೇಬರು.

ಮೊದಲು ವಿಲಾಯತಿ ಕೊಟ್ಟರು. ಉದ್ದದ ಅಕ್ರೋಟಿನ ಕುಂದಾ ಹೆಗಲಿಗೆ ಕೂರದೆ ನನ್ನ ಕಂಕುಳಿಗೆ ಬಂತು, ಕುದುರೆಗೆ ಬೆರಳು ಅರ್ಧ ಮಾತ್ರ ಮುಟ್ಟಿತು. ಗುಂಡು ದಿಬ್ಬದ ತಲೆಯ ಮೇಲೆ ಹೋಯಿತು. ಆಮೇಲೆ ನನ್ನದನ್ನು ಎತ್ತಿಕೊಂಡೆ. ಕೆನ್ನೆ ಮರಕ್ಕೆ ಒತ್ತಿದಾಗ ಸೆರಗು ತಲೆಯಿಂದ ಜಾರಿತು. "ಸೆರಗು, ಸೆರಗು" ಎಂದು ಭಾವ ಹಲ್ಲು ಕಚ್ಚಿ ಪಿಸುಗುಟ್ಟಿದ. ಸೆರಗು ಇದ್ದಲ್ಲೇ ಇರಲಿ ಎಂದು ಬಿಟ್ಟೆ. ಕಣ್ಣು ಮಕ್ಕಿಯ ಮೇಲಿತ್ತು. ನನ್ನ ಗುಂಡುಗಳೂ ಊಟದ ತಟ್ಟೆಯಷ್ಟೇ ಅಗಲ ಬಿದ್ದವು, ಆದರೆ ಹಲಗೆಯ ನಡುಮಧ್ಯ ಬಿದ್ದವು.

ಸಾಹೇಬರು ಹಲಗೆ ನೋಡಿ ಬಂದು, "ಖರೇ ಹೇಳಬೇಕಂದ್ರ ವಿಲಾಯತಿನೇ ಚಲೋ ಐತಿ. ಕುಂದಾ ಸಣ್ಣದು ಮಾಡಿಸಿಕೊಂಡ್ರ ನಿಮಗೂ ಹೊಂದತೈತಿ" ಎಂದರು.

"ಅದನ್ನ ಕೊಯ್ಯೋದಾ?" ಎಂದು ಭಾವ ಬೆಚ್ಚಿದ. ತನ್ನ ಕಾಲನ್ನೇ ಕೊಯ್ಯುತ್ತೇವೆ ಎಂದಿದ್ದರೂ ಮುಖ ಅಷ್ಟು ಬಿಳಿಚುತ್ತಿರಲಿಲ್ಲ. ಆ ಮುಖ ನೋಡಿದ ಮೇಲೆ ನನಗೆ ಏನು ಹೇಳಬೇಕೆಂದು ಸ್ಪಷ್ಟವಾಯಿತು.

"ಸಾಹೇಬ್ರ, ವಿಲಾಯತಿ ಚಲೋ ಅದ, ಖರೇ. ನಾ ಇಷ್ಟ ದಿನ ತಪ್ಪ ತಿಳದಿದ್ದೆ. ಆದ್ರ ನನಗ ಜರ್ಮನಿದೇ ಕೊಡ್ರಿ."

"ಯಾಕ್ರಿ ತಾಯಿ? ಈಗ ನೀವೇ ನೋಡಿದ್ರಲ್ಲ."

"ಇದನ್ನ ನೀವು ಇಲ್ಲಿ ತೊಳದ್ರಿ. ಅಲ್ಲಿ ಯಾರು ತೊಳೀತಾರ್ರಿ? ಮನಿಗಿ ಹೋಯ್ತಂದ್ರ ಮತ್ತ ದೇವ್ರ ಆಗ್ತದ. ಕುಂದಾ ಕೊಯ್ಯಾಕ ಬಿಡಂಗಿಲ್ಲ, ತೋಟಕ್ಕ ಒಯ್ಯಾಕ ಬಿಡಂಗಿಲ್ಲ. ಎಣ್ಣಿ ಬಂದ್ ಮಾಡ್ರಿ ಅಂದ್ರ ಪೂಜಿ ಬಂದ್ ಮಾಡು ಅಂದಂಗ ಆಗ್ತದ. ನಮ್ಮ ಮನ್ಯಾಗ ಯಾರೂ ಕೈ ಮುಗೀದೇ ಇರೋ ಬಂದೂಕ ಬೇಕ್ರಿ ನನಗ. ತಟ್ಟಿ ಅಗಲ ಬಿದ್ರೂ ಬೀಳ್ಲಿ, ಹಂದಿ ಮೈ ಅದಕ್ಕಿಂತ ದೊಡ್ಡದು ಅದ."

"ನಾಲಗಿ ಹಿಡಿ" ಎಂದ ಭಾವ. ಹಿಡಿಯಲಿಲ್ಲ. "ಬಾಳಿ ಗಿಡ ಹೋದ್ರ ಹೋಗ್ತಾವ ಭಾವಾರ, ವಿಲಾಯತಿ ಗ್ವಾಡಿ ಮ್ಯಾಲ ಕುಂತು ನೋಡ್ತದ" ಎಂದೆ.

ಸಾಹೇಬರು ಮಾವನ ಕಡೆ ನೋಡಿದರು. ಪರವಾನಗಿ ಅವರ ಹೆಸರಿನದು, ಕಡೆಯ ಮಾತೂ ಅವರದೇ. ಆತನಕ ಕೋಲಿನ ಮೇಲೆ ಎರಡೂ ಕೈ ಊರಿ ನಿಂತಿದ್ದ ಮಾವ ಕೆಮ್ಮಿದರು.

"ಸಾಹೇಬ್ರ, ನನಗ ಮಕ್ಕಿ ಕಾಣಂಗಿಲ್ಲ. ಯಾರಿಗಿ ಕಾಣ್ತದೋ ಅವರು ಹೇಳಿದ್ದು ಬರಕೋರಿ" ಎಂದರು.

ಹೆಣ್ಣುಮಕ್ಕಳು ಹಿಡಿಯಬಾರದೆಂದು ಕಾನೂನಿನಲ್ಲಿ ಎಲ್ಲಿಯೂ ಇಲ್ಲ ಎನ್ನುತ್ತ ಸಾಹೇಬರು ಬರೆದುಕೊಂಡರು. ವಿಲಾಯತಿಯನ್ನು ಪೊಲೀಸನೊಬ್ಬ ಒಳಗೆ ಒಯ್ದ. ಭಾವ ಅದರ ಹಿಂದೆ ಬಾಗಿಲ ತನಕ ಹೋಗಿ, ಹಣೆಯನ್ನು ಚೌಕಟ್ಟಿಗೆ ಒತ್ತಿ ನಿಂತು ಅತ್ತ. ನನಗೆ ಕನಿಕರವಾಯಿತು, ಬಹಳ ಕನಿಕರವಾಯಿತು. ಆದರೆ ಮಾತು ಹಿಂದೆ ತೆಗೆದುಕೊಳ್ಳಬೇಕು ಎಂದು ಒಂದು ಗಳಿಗೆಯೂ ಅನ್ನಿಸಲಿಲ್ಲ. ಊರಿಗೆ ಮರಳುವ ದಾರಿಯುದ್ದಕ್ಕೂ ಬಂದೂಕು ನನ್ನ ತೊಡೆಯ ಮೇಲಿತ್ತು, ಭಾವ ಮುಖ ಗಂಟು ಹಾಕಿಕೊಂಡು ಹೊರಗೆ ನೋಡುತ್ತಿದ್ದ.

ತೋಟ ಉಳಿಯಿತು. ಬಿದ್ದ ಗಿಡಗಳ ಪಕ್ಕದಲ್ಲಿ ಮರಿ ಎದ್ದವು, ಮುಂದಿನ ವರ್ಷ ಕೆಂಪು ಗೊನೆ ಇಳಿಸಿ ಗಾಡಿ ತುಂಬಿ ಕಲಬುರ್ಗಿಗೆ ಕಳಿಸಿದೆ. ಭಾವ ನನ್ನೊಡನೆ ಮಾತು ಬಿಟ್ಟಿದ್ದ. ನಾನು ಬಡಿಸಿದ್ದನ್ನು ಉಣ್ಣುತ್ತಿದ್ದ, ಉಪ್ಪು ಬೇಕಾದರೆ ಗೋಡೆಗೆ ಹೇಳುತ್ತಿದ್ದ. ವಿಲಾಯತಿ ಇದ್ದ ಗೋಡೆಯಲ್ಲಿ ಎರಡು ಗೂಟ ಖಾಲಿ ಉಳಿದಿದ್ದವು, ಅವುಗಳ ಮೇಲೆ ಬಟ್ಟೆ ಕೂಡ ಹಾಕಲು ಬಿಡುತ್ತಿರಲಿಲ್ಲ.

ಮಹಾನವಮಿ ಬಂತು. ಕುಡುಗೋಲು, ಕೊಡಲಿ, ನೇಗಿಲ ಗುಳ ಎಲ್ಲ ಮಣೆಯ ಮೇಲೆ ಕುಳಿತವು. ನಡುವಿನ ಜಾಗ ಖಾಲಿ. ಭಾವ ಮಣೆಯ ಮುಂದೆ ಕುಳಿತು ಆ ಜಾಗ ನೋಡಿದ. ಆಮೇಲೆ ಎದ್ದು ಹೋಗಿ ಕೊಟ್ಟಿಗೆಯ ಬಾಗಿಲ ಹಿಂದಿನಿಂದ ಎಮ್ಮೆ ಬಂದೂಕನ್ನು ಎತ್ತಿ ತಂದ. ಮಣೆಯ ಮೇಲೆ ಮಲಗಿಸಿ ವಿಭೂತಿ ಬಳಿದ, ಹೂವು ಏರಿಸಿದ. ಎಣ್ಣೆಯ ಬಟ್ಟಲು ಕೈಗೆತ್ತಿಕೊಂಡ. ಆಗ ಅವನ ಕೈ ನಿಂತಿತು. ಬೋಲ್ಟು ಇರಬೇಕಾದಲ್ಲಿ ಬರೀ ತೂತು.

ಎಷ್ಟೋ ತಿಂಗಳ ಮೇಲೆ ನನ್ನ ಮುಖ ನೋಡಿ ಮಾತಾಡಿದ. "ಬೋಲ್ಟ ಎಲ್ಲಿ ಅದ?"

"ನನ್ನ ಬಲ್ಲಿ ಅದ."

"ಪೂಜಿಗಿ ಕೊಡು."

"ಕೊಡಂಗಿಲ್ಲ ಭಾವಾರ. ಕಟ್ಟಿಗಿಗಿ ಎಷ್ಟ ಬೇಕಾದ್ರ ಹಚ್ಚರಿ. ಇದು ಬರಂಗಿಲ್ಲ."

ಬೈಯುತ್ತಾನೆ ಎಂದುಕೊಂಡಿದ್ದೆ. ಬೈಯಲಿಲ್ಲ. ನನ್ನನ್ನೊಮ್ಮೆ, ಬಟ್ಟಲನ್ನೊಮ್ಮೆ ನೋಡಿ, ಕುಳಿತು ಬಡಿಗ ಕೊಯ್ದ ಆ ಮೋಟು ಕುಂದಾಕ್ಕೆ ಎಣ್ಣೆ ಸವರತೊಡಗಿದ. ನಿಧಾನವಾಗಿ, ಮಗುವಿಗೆ ಎರೆಯುವ ಮುಂಚೆ ಮೈ ತಿಕ್ಕುವ ಹಾಗೆ ತಿಕ್ಕಿದ. ಮರಕ್ಕೆ ಕುಸುಬಿ ಎಣ್ಣೆ ಒಳ್ಳೆಯದೇ. ಕೆಲವು ವರ್ಷಗಳಲ್ಲಿ ಆ ಬಿಳಿಚಿದ ಮರವೂ ಮುಖ ಕಾಣುವಷ್ಟು ಹೊಳೆಯಿತು, ಎಮ್ಮೆ ಬಂದೂಕು ಎಂಬ ಹೆಸರು ತಾನಾಗಿ ಬಿಟ್ಟುಹೋಯಿತು.

ಭಾವ ಇರುವ ತನಕ ಪ್ರತಿ ನವಮಿಯೂ ಹೀಗೇ ನಡೆಯಿತು. ಅವನು ಬೋಲ್ಟು ಕೇಳುತ್ತಿದ್ದ, ನಾನು ಕೊಡಂಗಿಲ್ಲ ಎನ್ನುತ್ತಿದ್ದೆ. ಊರವರು ಸಾಲಾಗಿ ಬಂದು ಮಣೆಗೆ ಕೈಮುಗಿದು ಹೋಗುತ್ತಿದ್ದರು. ನಾನು ಆರತಿ ತಟ್ಟೆ ಹಿಡಿದು ಪಕ್ಕದಲ್ಲಿ ನಿಂತಿರುತ್ತಿದ್ದೆ. ಸೆರಗಿನ ಗಂಟಿನಲ್ಲಿ ಕಟ್ಟಿ ಸೊಂಟಕ್ಕೆ ಸಿಕ್ಕಿಸಿದ ಬೋಲ್ಟು ತಣ್ಣಗೆ ಹೊಟ್ಟೆಗೆ ಒತ್ತುತ್ತಿತ್ತು. ಮರುದಿನ ನಸುಕಿನಲ್ಲಿ ಅದನ್ನು ಕೂಡಿಸಿಕೊಂಡು ತೋಟಕ್ಕೆ ಹೋಗುತ್ತಿದ್ದೆ.